ಹಿಂದಿ ಮೇಡಂ ಅವರ ತಂಬಿಗೆ

ಹಿಂದಿ ಮೇಡಂ ನಿವೃತ್ತರಾದ ದಿನ ನನಗೂ ಎರಡು ಮಾತಾಡಲು ಹೇಳಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ, ವೇದಿಕೆಯ ಮೇಲೆ ಹೆಡ್‌ಮಾಸ್ತರು, ಮುಂದಿನ ಸಾಲಿನಲ್ಲಿ ಹಳೆಯ ವಿದ್ಯಾರ್ಥಿಗಳು. ಮೈಕಿನ ಮುಂದೆ ನಿಂತವಳು ಎಲ್ಲರೂ ಹೇಳಿದ್ದನ್ನೇ ನಾನೂ ಹೇಳಿ ಇಳಿದೆ: ಶಿಸ್ತು, ಸಮಯಪಾಲನೆ, ತಾಯಿಯಂಥ ಮನಸ್ಸು. ನಾನು ಹಾಗೆ ಹೊಗಳುತ್ತಿದ್ದರೆ ಅವರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಹಾರಕ್ಕೆ ಸುತ್ತಿದ್ದ ಜರಿದಾರ ಕುತ್ತಿಗೆಗೆ ಚುಚ್ಚುತ್ತಿತ್ತೆಂದು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಮುಖ ಹಿಂಡಿಕೊಂಡು ಕೂತಿದ್ದರು.

ನನಗೆ ಹೇಳಬೇಕೆಂದಿದ್ದ ಮಾತೇ ಬೇರೆ. ಆದರೆ ಅದರಲ್ಲಿ ಬಯಲುಕಡೆಗೆ ಹೋಗುವ ವಿಷಯ ಬರುತ್ತದೆ. ಹೆಡ್‌ಮಾಸ್ತರ ಎದುರು, ಹತ್ತನೇ ತರಗತಿಯ ಹುಡುಗರ ಎದುರು ಅದನ್ನು ಹೇಳಿದ್ದರೆ ಸಭೆ ಸಭೆಯಾಗಿ ಉಳಿಯುತ್ತಿರಲಿಲ್ಲ. ಹಾಗಾಗಿ ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೇಡಂ ಆರಾಮಾಗಿದ್ದಾರೆ, ನ್ಯಾಮತಿಯಲ್ಲಿ ತಂಗಿಯ ಜೊತೆ ಇದ್ದಾರೆ, ಇದನ್ನು ಓದಿ ನನಗೆ ಫೋನ್ ಮಾಡಿ ಬೈಯುತ್ತಾರೆ. ಬೈಯಲಿ. ಅವರು ಬೈಯುವ ಸ್ಥಿತಿಯಲ್ಲಿದ್ದಾರೆ ಎನ್ನುವುದೇ ನನಗೆ ದೊಡ್ಡ ಸಮಾಧಾನ, ಅದು ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ನಮ್ಮ ಕಡೆ ಶಾಲೆಗಳಲ್ಲಿ ಮೇಷ್ಟ್ರುಗಳಿಗೆ ಹೆಸರಿರುವುದಿಲ್ಲ, ವಿಷಯ ಇರುತ್ತದೆ. ನಾನು ಸಮಾಜ ಮೇಡಂ. ಇನ್ನೊಬ್ಬರು ಪಿ.ಟಿ. ಮಾಸ್ತರು. ಅವರು ಹಿಂದಿ ಮೇಡಂ. ಎತ್ತರದ, ಒಣಕಲು ಮೈಯ ಹೆಂಗಸು. ದಿನಾ ಬೆಳಿಗ್ಗೆ ನ್ಯಾಮತಿಯಿಂದ ಹೊನ್ನಾಳಿಗೆ ಬಸ್ಸಿನಲ್ಲಿ ಬರುತ್ತಿದ್ದರು, ಕಿಟಕಿಯ ಗಾಜು ಪೂರ್ತಿ ಮುಚ್ಚುವುದಿಲ್ಲ ಎಂದು ಕಂಡಕ್ಟರನಿಗೆ ದಿನಾ ಹೇಳುತ್ತಿದ್ದರು. ಮೊದಮೊದಲು ನನಗೆ ಅವರು ಜಗಳಗಂಟಿಯಂತೆ ಕಂಡಿದ್ದರು. ಒಡನಾಡಿದ ಮೇಲೆ ತಿಳಿಯಿತು, ಅವರಿಗೆ ಜನರ ಮೇಲೆ ಸಿಟ್ಟಿಲ್ಲ, ಇರುವುದೆಲ್ಲ ವಸ್ತುಗಳ ಮೇಲೆ. ಸರಿಯಾಗಿ ಮುಚ್ಚದ ಡಬ್ಬಿ, ಅರ್ಧಕ್ಕೆ ನಿಲ್ಲುವ ಜಿಪ್ಪು, ತೂತಿಗೆ ಹೋಗದ ಗುಂಡಿ, ಇವುಗಳ ಜೊತೆ ಅವರು ಮನುಷ್ಯರ ಜೊತೆ ಮಾತಾಡಿದ ಹಾಗೆಯೇ ಮಾತಾಡುತ್ತಿದ್ದರು. "ಏನವ್ವಾ, ನಿಂಗೇನಾಗೈತೆ? ನಿನ್ನೆ ನೆಟ್ಟಗಿದ್ಯಲ್ಲ!" ಎಂದು ಕೊಡೆಯನ್ನು ಕೇಳಿದ್ದನ್ನು ನಾನೇ ಕಂಡಿದ್ದೇನೆ.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಡಾಕ್ಟರು ದಿನಾ ನಡೆಯಬೇಕು ಎಂದರು. "ನಡೀರಿ ಅಂದ್ರು, ಎಲ್ಲೀತನಕ ಅಂತ ಹೇಳ್ಲಿಲ್ಲ" ಎಂದು ಮೇಡಂ ಶುರುಮಾಡಿಯೇ ಬಿಟ್ಟರು. ಮೊದಲು ಹೊನ್ನಾಳಿಯ ಹೊಳೆದಂಡೆ. ಆಮೇಲೆ ನ್ಯಾಮತಿಯ ಸುತ್ತಿನ ಗುಡ್ಡಗಳು, ಚನ್ನಗಿರಿಯ ಕೋಟೆ, ಸೂಳೆಕೆರೆಯ ಏರಿ. ಅವರ ಬೆನ್ನಿಗೆ ನಾನು, ಪಿ.ಟಿ. ಮಾಸ್ತರು, ಮಾಸ್ತರ ಹೆಂಡತಿ. ರಜೆಯ ದಿನ ಹೀಗೆ ಚೀಲ ಹೊತ್ತು ಹೊರಡುವುದನ್ನು ಈಗಿನವರು ಟ್ರೆಕ್ಕಿಂಗ್ ಎನ್ನುತ್ತಾರೆ. ನಾವು "ಮೇಡಂ ಜೊತೆ ಹೋಗೋದು" ಎನ್ನುತ್ತಿದ್ದೆವು.

ಮೇಡಂ ಜೊತೆ ಹೋಗುವುದೆಂದರೆ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. "ತಡೀರಿ, ಒಂದ್ನಿಮಿಷ" ಎನ್ನುವುದು ಅವರ ಮಂತ್ರ. ಚೀಲದ ಪಟ್ಟಿ ಭುಜದಿಂದ ಜಾರಿತು, ತಡೀರಿ. ಬಾಟಲಿಯ ಮುಚ್ಚಳಕ್ಕೆ ಪ್ಲಾಸ್ಟಿಕ್ಕಿನ ಬಾಲವೊಂದಿದೆಯಲ್ಲ, ಅದು ಕುಡಿಯುವಾಗಲೆಲ್ಲ ಮೂಗಿಗೆ ಹೊಡೆಯುತ್ತದೆ, ತಡೀರಿ. ಬಿಳಿ ಕ್ಯಾನ್ವಾಸ್ ಬೂಟಿನ ನೈಲಾನ್ ಲೇಸು ಬಿಚ್ಚಿತು, ತಡೀರಿ. ಆ ಲೇಸಿನ ಕಾಟ ತಾಳಲಾರದೆ ಕೊನೆಗೆ ಅದನ್ನು ಕಿತ್ತು ಬಿಸಾಡಿ ಲಂಗದ ಲಾಡಿ ಪೋಣಿಸಿಕೊಂಡರು. "ಹೆಂಗಸ್ರ ಮಾನ ಕಾಯೋ ಲಾಡಿ, ಬೂಟು ಕಾಯಂಗಿಲ್ವಾ?" ಎಂದು ಪಿ.ಟಿ. ಮಾಸ್ತರ ಎದುರಿಗೇ ಹೇಳಿದ್ದರಿಂದ ಮಾಸ್ತರು ಗುಡ್ಡ ಇಳಿಯುವ ತನಕ ನಮ್ಮಿಂದ ದೂರವೇ ನಡೆದರು.

ಇಷ್ಟೆಲ್ಲ ಗೊಣಗುವ ಹೆಂಗಸು ದೊಡ್ಡದಕ್ಕೆ ಹೆದರುತ್ತಿರಲಿಲ್ಲ. ಚನ್ನಗಿರಿ ಕೋಟೆಯಲ್ಲಿ ಬಂಡೆಯ ಸಂದಿಯಿಂದ ಹಾವು ಬಂದಾಗ ನಾವು ಕಿರುಚಿದೆವು, ಅವರು ಅದಕ್ಕೆ ದಾರಿ ಬಿಟ್ಟು ನಿಂತು ಜಿಪ್ಪಿಗೆ ಮೇಣದಬತ್ತಿ ಉಜ್ಜುವುದನ್ನು ಮುಂದುವರಿಸಿದರು. ಕೇಳಿದ್ದಕ್ಕೆ, "ದೊಡ್ಡ ಕಷ್ಟ ಬಂದ್ರೆ ನಾಕು ಜನ ಓಡಿ ಬರ್ತಾರೆ. ಈ ಸಣ್ಣವಕ್ಕೆ ಯಾರು ಬರ್ತಾರೆ? ನಾವೇ ನೋಡ್ಕಬೇಕು" ಎಂದರು. ಆಗ ನಗು ಬಂದಿತ್ತು.

ಎಲ್ಲಕ್ಕಿಂತ ಹೆಚ್ಚು ಅವರನ್ನು ಗೋಳಾಡಿಸಿದ್ದು ಲೋಟ.

ಅವರು ಬಾಟಲಿಯಿಂದ ನೇರ ಕುಡಿಯುವವರಲ್ಲ. ನಮ್ಮ ಮನೆಗಳಲ್ಲಿ ಕಲಿಸಿದಂತೆ ಎತ್ತಿ ಕುಡಿಯುವವರೂ ಅಲ್ಲ. "ಎತ್ತಿ ಕುಡಿಯಾದು ಮನೇಲಿ ಕುಂತೋರಿಗೆ ಸರಿ. ನಡೆಯೋರು ಎತ್ತಿದ್ರೆ ಅರ್ಧ ನೀರು ಜಂಪರಿನೊಳಗೆ ಹೋಗ್ತೈತೆ" ಎನ್ನುತ್ತಿದ್ದರು. ಕಚ್ಚಿಯೇ ಕುಡಿಯಬೇಕು, ಅದಕ್ಕೊಂದು ಸ್ವಂತ ಲೋಟ ಬೇಕು. ಮೊದಲು ಮನೆಯ ಸ್ಟೀಲ್ ಲೋಟವನ್ನು ದಾರದಲ್ಲಿ ಚೀಲಕ್ಕೆ ಕಟ್ಟಿಕೊಂಡು ಬಂದರು. ಅದರಲ್ಲಿ ಚಹಾ ಹಾಕಿದರೆ ತುಟಿ ಸುಡುತ್ತಿತ್ತು. ತುಟಿಗೆ ಹದವಾಗುವಷ್ಟರಲ್ಲಿ ಚಹಾ ತಣ್ಣಗಾಗಿರುತ್ತಿತ್ತು. ಅದೂ ಅಲ್ಲದೆ ನಡೆಯುವಾಗ ಬಾಟಲಿಗೆ ತಾಗಿ ಟಿಣ್ ಟಿಣ್ ಎನ್ನುತ್ತಿತ್ತು. ಸೂಳೆಕೆರೆಯ ಏರಿಯ ಮೇಲೆ ಆ ಸದ್ದಿಗೆ ಒಂದು ಕರು ತನ್ನ ತಾಯಿಯ ಗಂಟೆಯೇ ಇರಬೇಕೆಂದು ಅವರ ಹಿಂದೆ ಹೊರಟಿತು. ಓಡಿಸಿದರೂ ಹೋಗದು. ಬಸ್ ನಿಲ್ದಾಣದವರೆಗೂ ಬಂತು. ಹಿಂದೆಯೇ ಓಡಿಬಂದ ಕರುವಿನ ಯಜಮಾನ, "ಅಲ್ರೀ, ನೋಡಿದ್ರೆ ಓದಿದೋರಂಗೆ ಕಾಣ್ತೀರಿ!" ಎಂದು ಎಲ್ಲರೆದುರು ಕೇಳಿಬಿಟ್ಟ. ಅಂದಿಗೆ ಸ್ಟೀಲ್ ಲೋಟಕ್ಕೆ ನಿವೃತ್ತಿಯಾಯಿತು.

ಆಮೇಲೆ ಪ್ಲಾಸ್ಟಿಕ್ ಲೋಟ ಬಂತು, ಅದರಲ್ಲಿ ಏನು ಕುಡಿದರೂ ಬಕೆಟ್ಟಿನ ವಾಸನೆ. ಆಮೇಲೆ ತೆಂಗಿನ ಕರಟ ಉಜ್ಜಿ ನುಣುಪು ಮಾಡಿಕೊಂಡು ಬಂದರು. ಪಿ.ಟಿ. ಮಾಸ್ತರು ಸುಮ್ಮನಿರಬೇಕಲ್ಲ, "ಸರ್ಕಾರ ನಮ್ಮ ಕೈಗೆ ಚಿಪ್ಪು ಕೊಡಾಕಿಂತ ಮುಂಚೇನೇ ಮೇಡಂ ತಗಂಡ್ಬಿಟ್ರು" ಎಂದರು. ನಾನು ಆನ್‌ಲೈನಿನಲ್ಲಿ ಹುಡುಕಿ ಒಂದು ಮಡಚುವ ಲೋಟ ತರಿಸಿಕೊಟ್ಟೆ. ರಬ್ಬರಿನಂಥದ್ದು, ಒತ್ತಿದರೆ ಬಿಲ್ಲೆಯಾಗುತ್ತದೆ, ಎಳೆದರೆ ಲೋಟವಾಗುತ್ತದೆ. ಬಿಸಿ ಚಹಾ ಹಾಕಿಕೊಂಡು ಬಾಯಿಗೆ ತರುವಷ್ಟರಲ್ಲಿ ಅದು ಮತ್ತೆ ಬಿಲ್ಲೆಯಾಯಿತು. ಚಹಾ ಎಲ್ಲ ಮಡಿಲಿಗೆ. ಮೇಡಂ ಸಿಟ್ಟಾಗಲಿಲ್ಲ. ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಲೋಟ ಅಲ್ಲ, ಲೋಟದ ಪಾತ್ರ ಮಾಡಾಕೆ ಬಂದೈತೆ" ಎಂದು ನನಗೇ ವಾಪಸ್ಸು ಕೊಟ್ಟರು. ಈಗ ಅದು ನಮ್ಮ ಮನೆಯಲ್ಲಿ ಗುಂಡುಪಿನ್ನು ಹಾಕಲು ಇದೆ.

ಕೊನೆಗೆ ಒಂದು ದಿನ ಅವರು ತಂಬಿಗೆ ಹಿಡಿದುಕೊಂಡು ಬಂದರು.

ಅಂಗೈಯಷ್ಟಗಲದ ಪುಟ್ಟ ಸ್ಟೀಲ್ ತಂಬಿಗೆ. ಕಂಠಕ್ಕೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ, ಅದರ ಮೇಲೆ ಹುರಿ ಕಟ್ಟಿ, ಒಳಗೆ ಕರವಸ್ತ್ರ ತುರುಕಿ ಸದ್ದಾಗದಂತೆ ಮಾಡಿದ್ದರು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ನಮ್ಮ ಕಡೆ ಬೆಳಗಿನ ಹೊತ್ತು ತಂಬಿಗೆ ಹಿಡಿದು ಊರ ಹೊರಗೆ ನಡೆಯುವುದಕ್ಕೆ ಇರುವುದು ಒಂದೇ ಅರ್ಥ. ಮನೆಮನೆಗೆ ಶೌಚಾಲಯ ಬಂದಿದೆ ನಿಜ, ಎಷ್ಟೋ ಊರಲ್ಲಿ ಅದರೊಳಗೆ ಸೌದೆ, ಗೊಬ್ಬರದ ಚೀಲ ಸುರಕ್ಷಿತವಾಗಿರುತ್ತವೆ. ಹಳಬರಿಗೆ ಬಯಲೇ ಆಗಬೇಕು. ಮತ್ತೆ ತಂಬಿಗೆ ಹಿಡಿದವರನ್ನು ಯಾರೂ ಮಾತಾಡಿಸುವುದಿಲ್ಲ, ನಿಲ್ಲಿಸುವುದಿಲ್ಲ. ಎದುರಿಗೆ ಬಂದರೆ ತಲೆ ತಗ್ಗಿಸುತ್ತಾರೆ, ಹೆಂಗಸಾದರೆ ಗಂಡಸರು ಮುಖ ತಿರುಗಿಸಿ ಬೇರೆ ದಾರಿ ಹಿಡಿಯುತ್ತಾರೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

"ಮೇಡಂ, ಇದು..." ಎಂದು ನಾನು ರಾಗ ಎಳೆದೆ.

"ಗೊತ್ತೈತೆ ನೀನೇನು ಹೇಳ್ತೀಯ ಅಂತ" ಎಂದರು. "ತಂಬಿಗೆ ಅಂದ್ರೆ ಅದೊಂದೇ ಏನು? ದೇವರ ಮುಂದೆ ಕಳಶ ಇಡಾಕೂ ತಂಬಿಗೇನೇ ಬೇಕು. ನೋಡಿಲ್ಲಿ. ಕಂಠ ಐತೆ, ಹುರಿ ನಿಲ್ತೈತೆ. ಹೊಟ್ಟೆ ಐತೆ, ನೀರು ಹಿಡೀತೈತೆ. ತುಟಿ ಹೊರಗೆ ಬಾಗೈತೆ, ಸುಡಂಗಿಲ್ಲ. ಇಷ್ಟು ದಿನ ಮನೇಲೇ ಇತ್ತು, ನಾನು ಊರೆಲ್ಲ ಹುಡುಕಿದೆ."

ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಪಾಪ, ಒಂದು ವಸ್ತುವಾದರೂ ಅವರಿಗೆ ಎದುರಾಡದೆ ಸಿಕ್ಕಿತಲ್ಲ ಎಂದು ನಾವೂ ಸುಮ್ಮನಾದೆವು. ಆ ತಂಬಿಗೆ ಅವರ ಚೀಲದ ಬದಿಯಲ್ಲಿ ತೂಗಾಡುತ್ತ ಎಷ್ಟೋ ಗುಡ್ಡ ಹತ್ತಿತು.

ನಾನು ಹೇಳಬೇಕೆಂದಿದ್ದ ಘಟನೆ ನಡೆದದ್ದು ಜಗಳೂರಿನ ಕಡೆಯ ಒಂದು ಊರಿನಲ್ಲಿ. ಹೆಸರು ಬೇಡ, ಆ ಊರಿನವರು ನನಗೆ ಬೇಕಾದವರು. ಊರಿನ ಹಿಂದೆಯೇ ಗುಡ್ಡ, ಕುರುಚಲು ಕಾಡು, ಕರಡಿ ಓಡಾಡುವ ಜಾಗ. ಬೇಸಿಗೆ ಕಾಲಿಡುತ್ತಿತ್ತು, ಬಿಸಿಲು ಏರುವ ಮುಂಚೆ ಹತ್ತಿ ಇಳಿಯಬೇಕೆಂದು ನಸುಕಿಗೇ ಹೋಗಿದ್ದೆವು. ಮೇಡಂ ಬೆಳಿಗ್ಗೆಯೇ ಸಕ್ಕರೆಯ ಮಾತ್ರೆ ನುಂಗಿದ್ದರು. ತಿಂಡಿ ಗುಡ್ಡದ ಕೆಳಗೆ ಇಳಿದ ಮೇಲೆ ಎಂದು ಮಾತಾಗಿತ್ತು. ಅವರ ಚೀಲದ ಜಿಪ್ಪು ಎಂದಿನಂತೆ ಅರ್ಧಕ್ಕೆ ಸಿಕ್ಕಿಕೊಂಡಿತ್ತು, ರೊಟ್ಟಿಯ ಡಬ್ಬಿ ಒಳಗೆ ಹೋಗಲಿಲ್ಲ. "ನಿನ್ನ ಚೀಲದಾಗೆ ಇಟ್ಕ" ಎಂದು ನನಗೆ ಕೊಟ್ಟರು.

ಇಳಿಯುವಾಗ ಬೂಟಿನ ಲಾಡಿ ಬಿಚ್ಚಿತು. "ತಡೀರಿ" ಎಂದವರು, ಅಂದೇಕೋ, "ಇರ್ಲಿ, ನೀವು ನಡೀರಿ, ಆ ಹುಣಸೆಮರದ ನೆರಳಾಗೆ ಕುಂತು ಕಟ್ಕಂಡು ಬಂದೆ" ಎಂದು ಎಡಕ್ಕಿದ್ದ ಸಣ್ಣ ಕಾಲುದಾರಿ ಹಿಡಿದರು. ನಾವು ನಡೆದೆವು. ಊರಿನ ಚಹಾದ ಅಂಗಡಿಯ ಮುಂದೆ ಕೂತು ಚಹಾ ಕುಡಿದೆವು. ಮೇಡಂ ಬರಲಿಲ್ಲ. ಇನ್ನೊಂದು ಚಹಾ ಹೇಳಿದೆವು, ಬರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಪಿ.ಟಿ. ಮಾಸ್ತರು ನಾವು ಇಳಿದ ದಾರಿಯಲ್ಲೇ ಮತ್ತೆ ಓಡುತ್ತ ಹತ್ತಿದರು, ಬಹಳ ಹೊತ್ತಿನ ಮೇಲೆ ಒಬ್ಬರೇ ಇಳಿದು ಬಂದರು. ಮರದ ಕಡೆಗೂ ಹೋಗಿದ್ದರೇ ಎಂದು ಕೇಳಿದೆ. "ಆ ಕಡೆ ಪೊದೆ ಹಿಂದೆ ಯಾರೋ ಹೆಂಗಸ್ರು ಇದ್ದಂಗಿತ್ತು, ನಾನು ಹೋಗ್ಲಿಲ್ಲ" ಎಂದರು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನನ್ನ ಚೀಲದಲ್ಲಿ ಅವರ ರೊಟ್ಟಿಯ ಡಬ್ಬಿ ಇತ್ತು. ಮಾತ್ರೆ ನುಂಗಿ ಏನೂ ತಿನ್ನದೆ ಇದ್ದರೆ ಏನಾಗುತ್ತದೆ ಎಂದು ಒಮ್ಮೆ ಸ್ಟಾಫ್ ರೂಮಿನಲ್ಲೇ ನೋಡಿದ್ದೆ. ಅವತ್ತು ಪಕ್ಕದಲ್ಲಿ ಸಕ್ಕರೆ ಡಬ್ಬಿಯಿತ್ತು, ಬದುಕಿಕೊಂಡರು.

ಅಂಗಡಿಯ ಮುಂದೆ ಕೂತಿದ್ದ ಗಂಡಸರನ್ನು ಕೇಳಿದೆ. "ನಮ್ಮ ಜೊತೆ ಒಬ್ರು ಮೇಡಂ ಇದ್ರು. ಎತ್ತರಕ್ಕಿದಾರೆ, ಬಿಳಿ ಬೂಟು, ಬೆನ್ನಿಗೆ ಚೀಲ. ನೋಡಿದ್ರಾ?"

"ಇಲ್ಲಲ್ರೀ" ಎಂದರು.

"ಚೀಲಕ್ಕೆ ಒಂದು ತಂಬಿಗೆ ಕಟ್ಕಂಡಿದ್ರು."

ತಂಬಿಗೆ ಎಂದದ್ದೇ ತಡ, ಅಲ್ಲಿದ್ದ ಅಷ್ಟೂ ಜನರ ತಲೆ ಕೆಳಗಾಯಿತು. ಒಬ್ಬ ಬೀಡಿ ಹುಡುಕಲು ಶುರುಮಾಡಿದ, ಇನ್ನೊಬ್ಬ ತನ್ನ ಚಪ್ಪಲಿ ನೋಡಿಕೊಂಡ. ಹಿರಿಯನೊಬ್ಬ ಗಂಟಲು ಸರಿಮಾಡಿಕೊಂಡು, "ಅಮ್ಮಾರೆ, ತಂಬಿಗೆ ಹಿಡಿದೋರ್ನ ನಾವು ನೋಡಂಗಿಲ್ರೀ. ಕಂಡ್ರೂ ನೋಡಂಗಿಲ್ಲ" ಎಂದ.

ಎದುರು ಮನೆಯ ಜಗುಲಿಯ ಮೇಲೆ ಒಬ್ಬ ಅಜ್ಜಿ ಶೇಂಗಾ ಸುಲಿಯುತ್ತ ಕೂತಿದ್ದಳು. ಇಷ್ಟು ಹೊತ್ತು ನಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳೆಂದು ಕಾಣುತ್ತದೆ. ಮೊರ ಪಕ್ಕಕ್ಕಿಟ್ಟು ಎದ್ದು ಬಂದಳು. "ನೋಡಂಗಿಲ್ಲ ಅನ್ನಾದು ಬ್ಯಾರೆ, ಕಾಣಂಗಿಲ್ಲ ಅನ್ನಾದು ಬ್ಯಾರೆ. ಯಾರಿಗೆ ಕಂಡ್ರು ಹೇಳ್ರಿ" ಎಂದಳು.

ಆಗ ಮೂಲೆಯಲ್ಲಿ ನಿಂತಿದ್ದ ಒಬ್ಬ ಮೆಲ್ಲಗೆ ಬಾಯಿಬಿಟ್ಟ. ಗಟ್ಟಿಮುಟ್ಟಾದ ಆಳು, ಹೆಗಲ ಮೇಲೆ ಕಂಬಳಿ. "ಹುಣಸೆಮರದ ಆಚೆ ಪೊದೆ ಹತ್ರ ಯಾರೋ ಕುಂತಿದ್ರು. ತಂಬಿಗೆ ಪಕ್ಕದಾಗಿತ್ತು. ನಾನು ಮಕ ತಿರುಗಿಸ್ಕಂಡೆ."

"ಏನಾದ್ರೂ ಅಂದ್ರಾ?" ಎಂದೆ.

"ಕೂಗಿದಂಗಾತು."

"ಕೂಗಿದ್ರಾ?"

"ಕೂಗಿದ್ರು. ಕೈನೂ ಬೀಸಿದ್ರು." ಅವನ ದನಿ ಇನ್ನೂ ಸಣ್ಣಗಾಯಿತು. "ದೂರ ಹೋಗು ಅಂತ ಬೀಸ್ತಾರೆ ಅನ್ಕಂಡು ನಾನು ಓಡಿ ಬಂದೆ."

ಇನ್ನೊಬ್ಬನೂ ತಲೆಯೆತ್ತದೆ ಹೇಳಿದ. "ನಂಗೂ ಕೂಗಿದ್ರು. ಹಿಂಗ್ಯಾಕೆ ಬೈತಾರಪ್ಪಾ ಅನ್ಕಂಡೆ. ನಾನು ಕಣ್ಮುಚ್ಕಂಡೇ ಬಂದೆ."

ಆ ಕ್ಷಣ ನನಗೆ ಅಳಬೇಕೋ ಆ ಇಬ್ಬರಿಗೂ ಎರಡು ಬಿಡಬೇಕೋ ತಿಳಿಯಲಿಲ್ಲ. ಅವರ ತಪ್ಪಾದರೂ ಏನು? ಅವರು ಮರ್ಯಾದಸ್ಥರು. ಮರ್ಯಾದೆ ಇಲ್ಲದವನೊಬ್ಬ ಆ ದಾರಿಯಲ್ಲಿ ಹೋಗಿದ್ದರೆ ಮೇಡಂ ಯಾವಾಗಲೋ ಸಿಗುತ್ತಿದ್ದರು.

ಪಿ.ಟಿ. ಮಾಸ್ತರು ಹುಣಸೆಮರದ ಕಡೆ ಹೊರಟೇಬಿಟ್ಟರು. ನಾಲ್ಕು ಜನ ಅವರ ಕೈ ಹಿಡಿದು ನಿಲ್ಲಿಸಿದರು. "ಅದು ಹೆಂಗಸ್ರ ಕಡೆ ಸಾ, ಗಂಡಸ್ರು ದಾರಿ ಬಿಟ್ಟು ಹೋಗಂಗಿಲ್ಲ."

"ಅಲ್ಲಿ ಜೀವ ಹೋಗ್ತೈತೆ ಕಣ್ರೀ!" ಎಂದು ಮಾಸ್ತರು ಕೂಗಿದರು.

ಅಜ್ಜಿಗೆ ಅಷ್ಟು ಸಾಕಾಯಿತು. ಸೊಂಟಕ್ಕೆ ಸೆರಗು ಸಿಕ್ಕಿಸಿ ಬೀದಿಯ ನಡುವೆ ನಿಂತು ಹೆಸರು ಹಿಡಿದು ಕೂಗಿದಳು. ಮನೆಮನೆಯಿಂದ ಹೆಂಗಸರು ಹೊರಬಂದರು. ಬಂದವರು, ಅಭ್ಯಾಸಬಲವೋ ಏನೋ, ಆ ಕಡೆ ಹೋಗುವುದು ಎಂದ ಕೂಡಲೇ ಒಬ್ಬೊಬ್ಬರೂ ಒಳಗೆ ಹೋಗಿ ತಂಬಿಗೆ ತಂದರು! ಹೊತ್ತೇರಿದ ಬಿಸಿಲಿನಲ್ಲಿ ಊರಿನ ಹೆಂಗಸರೆಲ್ಲ ತಂಬಿಗೆ ಹಿಡಿದು ಸಾಲಾಗಿ ಹೊರಟರೆ ಊರಿನ ಗಂಡಸರೆಲ್ಲ ಗೋಡೆಯ ಕಡೆ ಮುಖ ಮಾಡಿ ನಿಂತರು. ಅಜ್ಜಿ ಮಾತ್ರ ಕಂಬಳಿಯವನ ರಟ್ಟೆ ಹಿಡಿದು, "ನೀನು ಬಾರೋ. ಓಡಿ ಬಂದ ದಾರಿ ನಿಂಗೇ ಗೊತ್ತು" ಎಂದು ಎಳೆದುಕೊಂಡಳು. ಅವನು ಕಣ್ಣನ್ನು ನೆಲಕ್ಕೆ ನೆಟ್ಟು ನಡೆದ.

ಮೇಡಂ ಲಂಟಾನದ ಪೊದೆಯ ಹಿಂದೆ ಇದ್ದರು. ಬಿಚ್ಚಿದ ಲಾಡಿಯನ್ನು ತಾವೇ ಮೆಟ್ಟಿ ಬಿದ್ದಿದ್ದರು, ಪಾದ ಉಳುಕಿ ಕುಂಬಳಕಾಯಿಯಾಗಿತ್ತು. ತಂಬಿಗೆ ಪಕ್ಕದಲ್ಲಿ ಖಾಲಿ ಬಿದ್ದಿತ್ತು. ಮೈಯೆಲ್ಲ ಬೆವರು, ತುಟಿ ಬಿಳಿಚಿತ್ತು. ಕಣ್ಣು ತೆರೆದಿದ್ದರೂ ನನ್ನನ್ನು ಗುರುತಿಸಲಿಲ್ಲ. "ಮೇಡಂ, ಮೇಡಂ" ಎಂದು ಭುಜ ಅಲುಗಿಸಿದೆ. ಅವರು ನನ್ನ ಕಡೆ ತಿರುಗಿ ಮೆಲ್ಲಗೆ, ಬಹಳ ಸ್ಪಷ್ಟವಾಗಿ, ಹಿಂದಿಯಲ್ಲಿ ಮಾತಾಡಿದರು. "ಸಬ್ ಚುಪ್ ಬೈಠೋ." ಎಲ್ಲರೂ ಸುಮ್ಮನೆ ಕೂರಿ ಎಂದು ಕ್ಲಾಸಿನಲ್ಲಿ ಹೇಳುವ ಮಾತು.

ಎಷ್ಟೋ ವರ್ಷದ ಒಡನಾಟದಲ್ಲಿ ಕ್ಲಾಸಿನ ಹೊರಗೆ ಅವರು ಹಿಂದಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಆ ಒಂದು ಮಾತಿಗೆ ಆದಷ್ಟು ಹೆದರಿಕೆ ಜೀವನದಲ್ಲಿ ಆಗಿಲ್ಲ. ಹೆಂಗಸರು ಹಿಂದಕ್ಕೆ ಸರಿದರು. "ಮೈಮ್ಯಾಗೆ ಏನೋ ಬಂದೈತೆ ಕಣ್ರೇ, ಬ್ಯಾರೆ ಭಾಷೆ ಆಡ್ತೈತೆ" ಎಂದು ಒಬ್ಬಳು ಅಂದಳು.

"ಹೊಟ್ಟಿ ಖಾಲಿ ಆಗೈತೆ, ಇನ್ನೇನು ಬರ್ತೈತೆ" ಎಂದ ಅಜ್ಜಿ ತನ್ನ ಎಲೆಯಡಿಕೆ ಚೀಲದಿಂದ ಬೆಲ್ಲದ ಚೂರು ತೆಗೆದಳು. ಒಬ್ಬಳ ತಂಬಿಗೆಯಿಂದ ನೀರು ಹಾಕಿ ಅಂಗೈಯಲ್ಲೇ ಕಲಸಿ ಕೊಟ್ಟಳು. ನಾನು ಬೆರಳಲ್ಲಿ ತೆಗೆದು ಮೇಡಂ ಬಾಯಿಗೆ ಹಚ್ಚಿದೆ. ಚಪ್ಪರಿಸಿದರು. ಇನ್ನಷ್ಟು ಹಚ್ಚಿದೆ. ಆಮೇಲೆ ಕಾಯುವುದಷ್ಟೇ. ತಂಬಿಗೆ ಹಿಡಿದ ಹೆಂಗಸರೆಲ್ಲ ಸುತ್ತ ಕುಕ್ಕರುಗಾಲಲ್ಲಿ ಕೂತರು. ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ, ಗೊತ್ತಿಲ್ಲದವರನ್ನೂ ಕರೆದಿರಬೇಕು.

ಮೇಡಂ ಎರಡು ಸಲ ರೆಪ್ಪೆ ಬಡಿದರು. ಸುತ್ತ ನೋಡಿದರು. ಅಷ್ಟೂ ತಂಬಿಗೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನನ್ನನ್ನು ನೋಡಿ ಕೇಳಿದರು, "ಏನೇ ಇದು, ಇಷ್ಟೊಂದು ಜನಕ್ಕೆ ಒಟ್ಟಿಗೇ ಬಂತಾ?"

ನಾನು ಅವರ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿ ನಗುತ್ತಲೇ ಮೂಗೊರೆಸಿಕೊಂಡಳು. ಮೇಡಂ ರೊಟ್ಟಿ ತಿಂದರು, ಚಟ್ನಿ ಡಬ್ಬಿಯ ಮುಚ್ಚಳ ಬಿಗಿಯಾಯಿತೆಂದು ಗೊಣಗಿದರು. ಆ ಗೊಣಗಾಟ ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಮುಚ್ಚಳ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ಕೇಳಿಸಿಕೊಂಡೆ.

ಕಂಬಳಿಯವನು ಆಚೆ ಹುಣಸೆಮರಕ್ಕೆ ಮುಖ ಮಾಡಿ ಕಲ್ಲಿನಂತೆ ನಿಂತಿದ್ದ. ಮೇಡಂ ನಡೆಯುವಂತಿರಲಿಲ್ಲ. ಅಜ್ಜಿ ಕೂಗಿದ ಮೇಲೆ ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಬಂದು, ಹಾಗೇ ಬೆನ್ನು ಕೊಟ್ಟು ಕೂತ. ಮೇಡಂ ಅವನ ಬೆನ್ನೇರಿದರು. ಊರ ತನಕ ಹೊತ್ತು ತಂದ, ಒಂದು ಸಲವೂ ಕತ್ತು ತಿರುಗಿಸಲಿಲ್ಲ.

ಅಜ್ಜಿಯ ಜಗುಲಿಯ ಮೇಲೆ ಅವರನ್ನು ಇಳಿಸಿದಾಗ ಅವನು ಕೈ ಮುಗಿದು ನಿಂತ. "ತಪ್ಪಾತ್ರೀ ಮೇಡಂ. ನೀವು ಕರೆದಾಗ ಬರಬೇಕಾಗಿತ್ತು."

"ತಪ್ಪೇನಿಲ್ಲಪ್ಪ" ಎಂದರು ಮೇಡಂ. "ನಿನ್ನ ಜಾಗದಾಗೆ ಇದ್ದಿದ್ರೆ ನಾನೂ ಓಡ್ತಿದ್ದೆ. ನೀನು ಕೆಟ್ಟೋನಾಗಿದ್ರೆ ನಿಂತು ನೋಡ್ತಿದ್ದೆ." ಆಮೇಲೆ ಪಾದಕ್ಕೆ ಅರಿಶಿನ ಹಚ್ಚಿಸಿಕೊಳ್ಳುತ್ತ, ಕ್ಲಾಸಿನಲ್ಲಿ ವ್ಯಾಕರಣ ತಿದ್ದುವ ದನಿಯಲ್ಲಿ ಹೇಳಿದರು. "ಆದ್ರೆ ನೋಡು. ನೋಡ್ಬಾರದು, ಸರಿ. ಕೇಳಬಾರದು ಅಂತ ಯಾರು ಹೇಳ್ಯಾರೆ? ಮಕ ಅತ್ಲಾಗೆ ಇಟ್ಕ. ಬಾಯಿ ಇತ್ಲಾಗೆ ಬಿಡು. ಎಲ್ಲಾ ಸರಿ ಐತಾ ಅಂತ ಒಂದು ಮಾತು ಕೇಳು. ಸರಿ ಇದ್ರೆ ಸರಿ ಐತೆ ಅಂತಾರೆ. ಅನ್ಲಿಲ್ಲ ಅಂದ್ರೆ ಹೆಂಗಸ್ರನ್ನ ಕರಿ. ಅಷ್ಟೇ."

ಗೋಡೆಯ ಕಡೆ ತಿರುಗಿ ನಿಂತಿದ್ದ ಗಂಡಸರು ಒಬ್ಬೊಬ್ಬರಾಗಿ ಈ ಕಡೆ ತಿರುಗಿದ್ದರು. ಕಂಬಳಿಯವನು ತಲೆಯಾಡಿಸಿದ. "ಅದು ಹೊಳೀಲಿಲ್ಲ ನೋಡ್ರಿ ನಮಗೆ" ಎಂದ, ಬಹಳ ಗಂಭೀರವಾಗಿ.

ಪಾದ ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯಿತು. ತಂಗಿ, ಡಾಕ್ಟರು, ಹೆಡ್‌ಮಾಸ್ತರು ಎಲ್ಲರೂ ಇನ್ನು ಗುಡ್ಡಗಿಡ್ಡ ಸಾಕು ಎಂದರು. ಮೇಡಂ ಎಲ್ಲರಿಗೂ ಹೂಂ ಎಂದರು. ಮುಂದಿನ ವರ್ಷ ಅದೇ ಕಾಲಕ್ಕೆ, "ಅಜ್ಜಿಗೆ ಒಂದು ಸೀರೆ ಕೊಟ್ಟು ಬರಬೇಕು" ಎಂದು ನೆಪ ತೆಗೆದು ನಮ್ಮನ್ನು ಅದೇ ಊರಿಗೆ ಹೊರಡಿಸಿದರು. ಈ ಸಲ ಜೇಬಿನ ತುಂಬ ಬೆಲ್ಲ.

ಅಜ್ಜಿಯ ಮನೆಯಲ್ಲೇ ರಾತ್ರಿ ಉಳಿದೆವು. ಅವಳು ತಟ್ಟೆಗೆ ಮೇಲಿಂದ ಮೇಲೆ ಮುದ್ದೆ ಇಟ್ಟಳು, ಮಜ್ಜಿಗೆ ಸುರಿದಳು. ಬೆಳಗಾಗುವ ಹೊತ್ತಿಗೆ ನನ್ನ ಹೊಟ್ಟೆ ತಾಳ ತಪ್ಪಿತು. ಆ ಮನೆಯ ಶೌಚಾಲಯದಲ್ಲಿ ಹಸುವಿನ ಹಿಂಡಿ ಇಟ್ಟಿದ್ದರು. ಮೇಡಂ ಎದ್ದು ತಮ್ಮ ತಂಬಿಗೆಯೊಳಗಿನ ಕರವಸ್ತ್ರ ತೆಗೆದು ನೀರು ತುಂಬಿ ನನ್ನ ಕೈಗೆ ಕೊಟ್ಟರು. ಕಾವಲಿಗೆ ತಾವೂ ಬಂದು ಹುಣಸೆಮರದ ಬುಡದಲ್ಲಿ ನಿಂತರು. ನಾನು ಪೊದೆಯ ಹಿಂದೆ ಹೋದೆ.

ಕೂತು ಸ್ವಲ್ಪ ಹೊತ್ತಾಗಿರಬೇಕು, ದಾರಿಯ ಕಡೆ ಹೆಜ್ಜೆಯ ಸದ್ದು ಕೇಳಿತು. ಗಂಡಸಿನ ಹೆಜ್ಜೆ. ನಿಂತಿತು. ಎಲೆಗಳ ಸಂದಿಯಿಂದ ಇಣುಕಿದೆ. ಯಾರೋ ಅಪರಿಚಿತ, ವಯಸ್ಸಾದವನು, ನನಗೆ ಬೆನ್ನು ಹಾಕಿ, ಟವೆಲಿನಲ್ಲಿ ಕಣ್ಣು ಮುಚ್ಚಿಕೊಂಡು, ಮುಖವನ್ನು ಪೂರ್ತಿ ಆ ಕಡೆಯ ಹೊಲಕ್ಕೆ ತಿರುಗಿಸಿ ನಿಂತಿದ್ದ. ಆಮೇಲೆ ಊರಿಗೇ ಕೇಳುವಷ್ಟು ಜೋರಾಗಿ ಹೊಲವನ್ನು ಕೇಳಿದ.

"ಎಲ್ಲಾ ಸರಿ ಐತೇನ್ರೀ?"

ನಾನು ಪೊದೆಯ ಹಿಂದೆ ಇನ್ನಷ್ಟು ಮುದುಡಿದೆ. ಅವನು ಕದಲಲಿಲ್ಲ. ಕೆಮ್ಮಿದ. ಇನ್ನೂ ಜೋರಾಗಿ ಕೇಳಿದ, "ಸರಿ ಐತೇನ್ರೀ? ಇಲ್ಲಾಂದ್ರೆ ಹೆಂಗಸ್ರನ್ನ ಕರೀತೀನಿ!"

ಹುಣಸೆಮರದ ಬುಡದಿಂದ ಮೇಡಂ ದನಿ ಬಂತು. ನಗು ತಡೆಯಲಾರದೆ ಅದು ನಡುಗುತ್ತಿತ್ತು. "ಬೇಗ ಹೇಳೇ ತಾಯಿ! ನೀನು ಹೇಳಾಗಂಟ ಅವ್ನು ಹೋಗಂಗಿಲ್ಲ!"

"ಸರಿ ಐತ್ರೀ!" ಎಂದು ನಾನು ಕೂಗಿದೆ. "ಎಲ್ಲಾ ಸರಿ ಐತೆ, ನೀವು ಹೋಗ್ರಿ!"

"ಆತ್ರೀ ಹಂಗಾರೆ" ಎಂದು ಹೊಲಕ್ಕೆ ಹೇಳಿ ಅವನು ನಡೆದ.